ಗೋಕರ್ಣದಲ್ಲಿ ತಂಗುವುದೆಲ್ಲಿ? ಕುಟುಂಬಸಮೇತ ಹೋಗುವವರಿಗೊಂದು ಕೈಪಿಡಿ

ಪುಣೆಯಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ಕಡಲು ಹೊಸದೇನಲ್ಲ. ರಜೆ ಬಂದರೆ ಅಲಿಬಾಗ, ಹರಿಹರೇಶ್ವರ, ಗಣಪತಿಪುಳೆ, ಇನ್ನೂ ನಾಲ್ಕು ದಿನ ಬಿಡುವಿದ್ದರೆ ಗೋವಾ ಎಂದು ಕೊಂಕಣದ ತೀರವನ್ನು ಆಗಾಗ ಸುತ್ತಿ ಬರುತ್ತೇವೆ. ಆದರೆ ಮನೆಯ ಹಿರಿಯರು ಕೇಳುವುದು ಗೋಕರ್ಣವನ್ನು. ಈಚಿನ ವರ್ಷಗಳಲ್ಲಿ ಮಕ್ಕಳು ಕೇಳುವುದೂ ಗೋಕರ್ಣವನ್ನೇ. ಹೆಸರು ಒಂದೇ ಆದರೂ ಇವರಿಬ್ಬರ ಮನಸ್ಸಿನಲ್ಲಿರುವ ಊರು ಒಂದೇ ಅಲ್ಲ. ಹಿರಿಯರಿಗೆ ಗೋಕರ್ಣವೆಂದರೆ ಆತ್ಮಲಿಂಗ ಮತ್ತು ಕೋಟಿತೀರ್ಥ. ಮಕ್ಕಳಿಗೆ ಗೋಕರ್ಣವೆಂದರೆ ಕುಡ್ಲೆ ಮತ್ತು ಓಂ ಕಡಲತೀರಗಳು.

ಗಣಪತಿಪುಳೆಯಲ್ಲಿ ದೇವಸ್ಥಾನದ ಎದುರಿಗೇ ಕಡಲಿರುವುದರಿಂದ ಎಲ್ಲಿ ತಂಗಿದರೂ ಎರಡೂ ಕೈಗೆಟಕುತ್ತವೆ. ಗೋಕರ್ಣ ಹಾಗಲ್ಲ. ಇಲ್ಲಿ ಪೇಟೆಗೂ ದಕ್ಷಿಣದ ಕಡಲತೀರಗಳಿಗೂ ನಡುವೆ ಗುಡ್ಡಗಳಿವೆ, ಇಳಿಯಲು ಹತ್ತಲು ಮೆಟ್ಟಿಲುಗಳಿವೆ. ಆದ್ದರಿಂದ ಯಾವ ಭಾಗದಲ್ಲಿ ಕೋಣೆ ಹಿಡಿಯಬೇಕೆಂಬ ಪ್ರಶ್ನೆಯು ಪ್ರವಾಸದ ಅರ್ಧ ಫಲವನ್ನೇ ನಿರ್ಧರಿಸುತ್ತದೆ. ಈ ವಿಷಯದಲ್ಲಿ ನಮ್ಮ ಓದುಗರಿಗೆ ಉಪಯೋಗವಾಗಲೆಂದು ಕೆಲವು ಮಾಹಿತಿಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ.

ಊರಿನ ನೆಲೆ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿಗೆ ಸೇರಿದ ಗೋಕರ್ಣವು ಉತ್ತರದಲ್ಲಿ ಗಂಗಾವಳಿ, ದಕ್ಷಿಣದಲ್ಲಿ ಅಘನಾಶಿನಿ ಎಂಬ ಎರಡು ನದಿಗಳ ನಡುವೆ ಪಶ್ಚಿಮಾಭಿಮುಖವಾಗಿ ಕುಳಿತಿದೆ. ಪೇಟೆಯ ಮುಂದಿನ ಕಡಲತೀರವು ಉತ್ತರಕ್ಕೆ ಗಂಗಾವಳಿಯ ಮುಖದತ್ತ ನೇರವಾಗಿ ಚಾಚಿಕೊಂಡಿದೆ. ದಕ್ಷಿಣಕ್ಕೆ ರಾಮತೀರ್ಥದ ಗುಡ್ಡ. ಅದನ್ನು ದಾಟಿದರೆ ಕುಡ್ಲೆ, ಆಮೇಲೆ ಓಂ, ಹಾಫ್ ಮೂನ್, ಪ್ಯಾರಡೈಸ್ ಎಂಬ ತೀರಗಳು ಒಂದರ ನಂತರ ಒಂದು ಬರುತ್ತವೆ. ಪ್ರತಿಯೊಂದರ ನಡುವೆಯೂ ಕಡಲಿಗೆ ಮೂಗು ಚಾಚಿದ ಬಂಡೆಗುಡ್ಡವಿದೆ. ಅದಕ್ಕೂ ಆಚೆ ಅಘನಾಶಿನಿಯ ಅಳಿವೆಯಲ್ಲಿ ತದಡಿಯ ಮೀನುಗಾರಿಕಾ ಬಂದರಿದೆ.

ಪುಣೆಯಿಂದ ರಸ್ತೆಯಲ್ಲಿ ಬೆಳಗಾವಿ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಮಾರ್ಗವಾಗಿ ಹೋದರೆ ಸುಮಾರು 550 ರಿಂದ 600 ಕಿ.ಮೀ. ಆಗುತ್ತದೆ. 1998 ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದ ಮೇಲೆ ರೈಲಿನಲ್ಲಿ ಬರುವುದೂ ಸುಲಭವಾಗಿದೆ. ಗೋಕರ್ಣ ರೋಡ್ ನಿಲ್ದಾಣವು ಊರಿನಿಂದ ಸುಮಾರು 10 ಕಿ.ಮೀ. ದೂರದಲ್ಲಿದೆ. ವೇಗದ ರೈಲುಗಳೆಲ್ಲ ಅಲ್ಲಿ ನಿಲ್ಲುವುದಿಲ್ಲವಾದ್ದರಿಂದ ಅಂಕೋಲಾ, ಕುಮಟಾ ಅಥವಾ ಕಾರವಾರದಲ್ಲಿ ಇಳಿಯಬೇಕಾಗಬಹುದು. ರಾತ್ರಿ ತಲುಪುವವರು ವಾಹನವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ರಥಬೀದಿ ಮತ್ತು ಕೋಟಿತೀರ್ಥದ ಪರಿಸರ

ರಥಬೀದಿಯ ಕೊನೆಯಲ್ಲಿ ಮಹಾಗಣಪತಿ ಮತ್ತು ಮಹಾಬಲೇಶ್ವರ ದೇವಸ್ಥಾನಗಳಿವೆ. ಅವನ್ನು ದಾಟಿದರೆ ಕಡಲು. ಪುಣೆಯಲ್ಲಿ ಹುಟ್ಟಿದ ಮಕ್ಕಳಿಗೆ ಮಹಾಬಳೇಶ್ವರವೆಂದರೆ ಸಾತಾರಾ ಜಿಲ್ಲೆಯ ಗಿರಿಧಾಮ ಮತ್ತು ಸ್ಟ್ರಾಬೆರಿ. ಅವರಿಗೆ ರಾವಣನ ಕೈಯಿಂದ ಆತ್ಮಲಿಂಗವನ್ನು ಪಡೆದು ನೆಲಕ್ಕಿಟ್ಟ ವಟುರೂಪಿ ಗಣಪತಿಯ ಕಥೆಯನ್ನು ಹೇಳಲು ಇದಕ್ಕಿಂತ ಒಳ್ಳೆಯ ಸ್ಥಳವಿಲ್ಲ. ರಾವಣನು ಕೀಳಲೆತ್ನಿಸಿದಾಗ ಲಿಂಗವು ಗೋವಿನ ಕಿವಿಯಂತೆ ತಿರುಚಿತೆಂದೂ ಅದರಿಂದಲೇ ಗೋಕರ್ಣವೆಂಬ ಹೆಸರು ಬಂದಿತೆಂದೂ ಪ್ರತೀತಿ. ಮೊದಲು ಗಣಪತಿಯ ದರ್ಶನ, ಆಮೇಲೆ ಮಹಾಬಲೇಶ್ವರನ ದರ್ಶನವೆಂಬುದು ಇಲ್ಲಿಯ ಸಂಪ್ರದಾಯ.

ಕೋಟಿತೀರ್ಥದ ಸ್ನಾನ, ಪಿತೃಕಾರ್ಯ, ಬೆಳಗಿನ ದರ್ಶನ ಇವು ಮುಖ್ಯವಾಗಿದ್ದರೆ ಈ ಭಾಗದಲ್ಲಿಯೇ ತಂಗಬೇಕು. ವಸತಿಗೃಹಗಳ ಜೊತೆಗೆ ಪುರೋಹಿತರ ಮನೆಗಳಲ್ಲಿ ಯಾತ್ರಿಕರಿಗೆ ವಸತಿ, ಊಟದ ವ್ಯವಸ್ಥೆ ಮಾಡುವ ಹಳೆಯ ಪದ್ಧತಿಯೂ ಇದೆ. ಶ್ರಾದ್ಧದ ದಿನ ನಿಯಮದ ಊಟ ಬೇಕಾದವರಿಗೆ ಇದು ದೊಡ್ಡ ಅನುಕೂಲ. ಔಷಧದ ಅಂಗಡಿ, ಬಸ್ ನಿಲ್ದಾಣ, ಹೂಹಣ್ಣು ಮಾರುವ ಹಾಲಕ್ಕಿ ಹೆಂಗಸರ ಸಂತೆ ಎಲ್ಲವೂ ನಡಿಗೆಯ ಅಂತರದಲ್ಲಿವೆ. ಕೊರತೆಗಳೂ ಇಲ್ಲದಿಲ್ಲ. ಬೀದಿಗಳು ಕಿರಿದು, ವಾಹನ ನಿಲ್ಲಿಸುವುದು ಕಷ್ಟ. ಮಹಾಶಿವರಾತ್ರಿ ಮತ್ತು ರಥೋತ್ಸವದ ದಿನಗಳಲ್ಲಿ ಕೋಣೆ ಸಿಗುವುದೇ ದುರ್ಲಭ. ಹಳೆಯ ಮನೆಗಳಲ್ಲಿ ಹೊಸ್ತಿಲು ಎತ್ತರವಾಗಿರುವುದುಂಟು, ಶೌಚಾಲಯವು ಪಾಶ್ಚಾತ್ಯ ರೀತಿಯದೇ ಎಂಬುದನ್ನು ಕೇಳಿ ತಿಳಿಯಬೇಕು.

ಊರಿನ ಕಡಲತೀರದ ಉತ್ತರ ಭಾಗ

ಪೇಟೆಯ ಎದುರಿನ ತೀರದಲ್ಲಿ ಯಾತ್ರಿಕರ ದಟ್ಟಣೆಯಿದ್ದರೂ ಉತ್ತರಕ್ಕೆ ಸಾಗಿದಂತೆ ಮರಳು ಅಗಲವಾಗುತ್ತದೆ, ಜನ ಕಡಿಮೆಯಾಗುತ್ತಾರೆ. ತೆಂಗಿನ ತೋಟಗಳ ನಡುವೆ ಸಣ್ಣ ವಸತಿಗಳಿವೆ. ನೆಲ ಸಮತಟ್ಟಾಗಿರುವುದರಿಂದ ಮೊಣಕಾಲುನೋವಿನ ಹಿರಿಯರೂ ಸಂಜೆ ಕಡಲಿನವರೆಗೆ ನಡೆದು ಬರಬಲ್ಲರು. ದೇವಸ್ಥಾನಕ್ಕೆ ಆಟೋದಲ್ಲಿ ಕೆಲವೇ ನಿಮಿಷ. ಹಿರಿಯರು ಮಕ್ಕಳು ಇಬ್ಬರೂ ಇರುವ ಕುಟುಂಬಕ್ಕೆ ನನ್ನ ಮೊದಲ ಸಲಹೆ ಈ ಭಾಗವೇ.

ಸಾಹಿತ್ಯಾಸಕ್ತರಿಗೆ ಇನ್ನೊಂದು ಆಕರ್ಷಣೆಯಿದೆ. ಯಶವಂತ ಚಿತ್ತಾಲರ ಹುಟ್ಟೂರಾದ ಹನೇಹಳ್ಳಿ ಇಲ್ಲಿಂದ ದೂರವಿಲ್ಲ. ಮುಂಬಯಿಯಲ್ಲಿ ಬದುಕಿದ ಚಿತ್ತಾಲರು ತಮ್ಮ ಕಥೆಗಳಲ್ಲಿ ಮತ್ತೆ ಮತ್ತೆ ಮರಳಿದ್ದು ಈ ಹಳ್ಳಿಗೇ. ಗೌರೀಶ ಕಾಯ್ಕಿಣಿ, ಜಯಂತ ಕಾಯ್ಕಿಣಿಯವರ ಊರೂ ಗೋಕರ್ಣವೇ. ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಹೆಸರುಗಳ ಮಹತ್ವವನ್ನು ಬೇರೆ ಹೇಳಬೇಕಾಗಿಲ್ಲ.

ಕುಡ್ಲೆ

ಎರಡು ಗುಡ್ಡಗಳ ನಡುವಿನ ಈ ಕೊಲ್ಲಿ ನೋಡಲು ಅತಿ ಸುಂದರ. ಪೇಟೆಯಿಂದ ಗುಡ್ಡ ಹತ್ತಿ ಇಳಿದು ನಡೆದರೆ ಸುಮಾರು ಅರ್ಧ ಗಂಟೆ. ವಾಹನವು ಮೇಲಿನವರೆಗೆ ಮಾತ್ರ ಬರುತ್ತದೆ. ಅಲ್ಲಿಂದ ಸಾಮಾನು ಹೊತ್ತು ಇಳಿಯಬೇಕು. ತೀರದ ಹಿಂಬದಿಯಲ್ಲಿ ಗುಡಿಸಲು ಮಾದರಿಯ ಕೋಣೆಗಳೂ ಸಣ್ಣ ಉಪಾಹಾರಗೃಹಗಳೂ ಇವೆ. ಅಡುಗೆಮನೆಗಳಲ್ಲಿ ಮೀನು, ಮೊಟ್ಟೆ ಎಲ್ಲವೂ ಬೇಯುವುದರಿಂದ ವ್ರತನಿಯಮದಲ್ಲಿರುವವರಿಗೆ ಒಗ್ಗದು. ಕಾಲೇಜಿಗೆ ಹೋಗುವ ಮಕ್ಕಳಿಗೆ, ಹೊಸದಾಗಿ ಮದುವೆಯಾದವರಿಗೆ ಇದು ಸರಿಯಾದ ಜಾಗ. ಮಳೆಗಾಲದಲ್ಲಿ ಹಲವು ವಸತಿಗಳು ಮುಚ್ಚಿರುತ್ತವೆ.

ಓಂ ಕಡಲತೀರ

ಎರಡು ಅರ್ಧವೃತ್ತಗಳು ನಡುವಿನ ಬಂಡೆಗಳಲ್ಲಿ ಕೂಡಿ ಓಂಕಾರದ ಆಕಾರ ತಳೆದಿರುವುದರಿಂದ ಈ ಹೆಸರು. ಪೇಟೆಯಿಂದ ರಸ್ತೆಯಲ್ಲಿ ಸುಮಾರು 6 ಕಿ.ಮೀ. ಇಲ್ಲಿ ಎರಡು ಬಗೆಯ ವಸತಿಗಳಿವೆ: ಗುಡ್ಡದ ಮೇಲಿನ ರೆಸಾರ್ಟುಗಳು ಮತ್ತು ಕೆಳಗೆ ತೀರದ ಬಳಿಯ ಕೋಣೆಗಳು. ಮೇಲೆ ತಂಗಿದರೆ ವಾಹನ ಬಾಗಿಲವರೆಗೆ ಬರುತ್ತದೆ, ಆದರೆ ಕಡಲಿಗೆ ಪ್ರತಿಸಲವೂ ಇಳಿದು ಹತ್ತಬೇಕು. ಬೆಳಗಿನ ಜಾವದ ದರ್ಶನಕ್ಕೆ ಆಟೋವನ್ನು ಹಿಂದಿನ ರಾತ್ರಿಯೇ ಹೇಳಿಡಬೇಕಾಗುತ್ತದೆ. ಎರಡು ದಿನ ಬರಿಯ ವಿಶ್ರಾಂತಿ ಸಾಕೆನ್ನುವವರಿಗೆ ಇದು ಹಿತವಾದೀತು.

ಹಾಫ್ ಮೂನ್ ಮತ್ತು ಪ್ಯಾರಡೈಸ್ ತೀರಗಳಿಗೆ ವಾಹನದ ದಾರಿಯಿಲ್ಲ. ಕಾಲುದಾರಿ ಅಥವಾ ದೋಣಿಯೇ ಗತಿ. ಹಗಲು ಹೊತ್ತು ಹೋಗಿ ಬರಲು ಚೆನ್ನ, ಕುಟುಂಬದೊಡನೆ ರಾತ್ರಿ ತಂಗಲು ತಕ್ಕುದಲ್ಲ. ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಅಲ್ಲಿಂದ ಹೊರಬರುವುದು ಹೇಗೆಂಬುದನ್ನು ಯೋಚಿಸಿದರೆ ಸಾಕು.

ಕುಮಟಾ ಮತ್ತು ಅಂಕೋಲಾ

ಹಬ್ಬದ ದಿನಗಳಲ್ಲಿ ಗೋಕರ್ಣದಲ್ಲಿ ಸ್ಥಳ ಸಿಗದಿದ್ದರೆ ಅಂಕೋಲಾ ಅಥವಾ ಕುಮಟಾದಲ್ಲಿ ತಂಗಬಹುದು. ಎರಡೂ 20 ರಿಂದ 35 ಕಿ.ಮೀ. ಒಳಗಿವೆ, ಹೆದ್ದಾರಿಯ ಮೇಲಿವೆ. ತಾಲ್ಲೂಕು ಕೇಂದ್ರಗಳಾದ್ದರಿಂದ ತಾಲ್ಲೂಕು ಆಸ್ಪತ್ರೆಗಳೂ ಅಲ್ಲಿವೆ. ಮಿರ್ಜಾನ ಕೋಟೆ, ಯಾಣ, ಮುರುಡೇಶ್ವರಗಳನ್ನೂ ನೋಡಬೇಕೆನ್ನುವವರಿಗೆ ಕುಮಟಾ ಅನುಕೂಲ.

ನಾನು ಮಾಡಿದ ತಪ್ಪು

ಕೆಲವು ವರ್ಷಗಳ ಹಿಂದೆ ನಮ್ಮ ತಂದೆಯವರು ತೀರಿಕೊಂಡ ಮರುವರ್ಷ ತಾಯಿಯವರನ್ನು ಕರೆದುಕೊಂಡು ಗೋಕರ್ಣಕ್ಕೆ ಹೋದೆವು. ಕೋಟಿತೀರ್ಥದಲ್ಲಿ ತಂದೆಯವರ ಹೆಸರಿನಲ್ಲಿ ತಿಲತರ್ಪಣವಾಗಬೇಕು, ತಾವು ಮೆಟ್ಟಿಲ ಮೇಲೆ ನಿಂತು ಅದನ್ನು ನೋಡಬೇಕು ಎಂಬುದು ಅವರ ಆಸೆಯಾಗಿತ್ತು. ಮಕ್ಕಳ ಒತ್ತಾಯಕ್ಕೆ ನಾನು ದಕ್ಷಿಣದ ಒಂದು ತೀರದಲ್ಲಿ ಕೋಣೆ ಗೊತ್ತುಮಾಡಿದ್ದೆ. ಕಡಲಿಗೆ ಎರಡೇ ನಿಮಿಷವೆಂದು ಜಾಹೀರಾತಿನಲ್ಲಿತ್ತು. ಅದು ನಿಜವೂ ಆಗಿತ್ತು. ರಸ್ತೆಯಿಂದ ಕೋಣೆಗೆ ಎಷ್ಟು ಮೆಟ್ಟಿಲು ಎಂಬುದನ್ನು ಅವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಇಬ್ಬರು ಕೈಹಿಡಿದು ಅಮ್ಮನನ್ನು ಕೆಳಗಿಳಿಸಿದೆವು. ಮರುದಿನ ಬೆಳಿಗ್ಗೆ ಅವರ ಮೊಣಕಾಲು ಊದಿತ್ತು. ತರ್ಪಣವನ್ನು ನಾನೊಬ್ಬನೇ ಹೋಗಿ ಮುಗಿಸಿ ಬಂದೆ. ಅವರು ಎರಡು ದಿನವೂ ಕೋಣೆಯ ಮುಂದಿನ ಕುರ್ಚಿಯಲ್ಲಿ ಕುಳಿತಿದ್ದರು. ಹೊರಡುವಾಗ "ಕಡಲು ನೋಡಿದೆನಲ್ಲಪ್ಪಾ, ಸಾಕು" ಎಂದರು. ಆ ಮಾತು ನನ್ನನ್ನು ಬಹಳ ದಿನ ಕಾಡಿತು.

ಎರಡು ವರ್ಷಗಳ ನಂತರ ಮತ್ತೆ ಹೋದಾಗ ಕೋಟಿತೀರ್ಥದ ಹತ್ತಿರ, ನೆಲಮಹಡಿಯಲ್ಲಿ ತಂಗಿದೆವು. ಅಮ್ಮ ಊರುಗೋಲು ಹಿಡಿದು ತಾವೇ ನಡೆದು ಬಂದರು. ಮಕ್ಕಳು ಆಟೋ ಮಾಡಿಕೊಂಡು ಓಂ ತೀರಕ್ಕೆ ಹೋಗಿ ಸಂಜೆಗೆ ಮರಳಿದರು, ಅವರಿಗೇನೂ ಕಡಿಮೆಯಾಗಲಿಲ್ಲ. ಮಕ್ಕಳು ಕಡಲಿರುವಲ್ಲಿಗೆ ಹೋಗಬಲ್ಲರು, ಹಿರಿಯರು ಗುಡ್ಡ ಹತ್ತಿ ದೇವಸ್ಥಾನಕ್ಕೆ ಬರಲಾರರು. ಆದ್ದರಿಂದ ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ನಡೆಯಬಲ್ಲವರು ಯಾರೋ ಅವರಿಗೆ ತಕ್ಕ ಸ್ಥಳವನ್ನೇ ಆರಿಸಬೇಕೆಂಬುದು ನಾನು ಕಲಿತ ಪಾಠ.

ಕಾಲ ಮತ್ತು ಕಡಲು

ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಅತ್ಯುತ್ತಮ. ಡಿಸೆಂಬರಿನ ಕೊನೆಯ ವಾರದಲ್ಲಿ ಮಾತ್ರ ದರಗಳೂ ದಟ್ಟಣೆಯೂ ಏರುತ್ತವೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಕಡಲು ಉಗ್ರವಾಗಿರುತ್ತದೆ. ಜೂನ್ 1 ರಿಂದ ಜುಲೈ 31 ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೇ ನಿಷೇಧವಿರುತ್ತದೆ. ಘಟ್ಟದ ದಾರಿಯ ಬಗ್ಗೆಯೂ ಎಚ್ಚರ ಅಗತ್ಯ. 2024 ರ ಜುಲೈ 16 ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡರು, ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ಹುಬ್ಬಳ್ಳಿಯ ಕಡೆಯಿಂದ ಗೋಕರ್ಣಕ್ಕೆ ಬರುವವರ ದಾರಿ ಅದೇ.

ಚಳಿಗಾಲದಲ್ಲಿ ಅಪಾಯವಿಲ್ಲವೆಂದು ಭಾವಿಸುವಂತಿಲ್ಲ. 2024 ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ದಡಕ್ಕೆ ಬಂದ ಅಲೆಗಳ ನೀರು ಒಂದೆಡೆ ಕೂಡಿ ಕಿರಿದಾದ ಸೆಳೆತವಾಗಿ ಕಡಲಿಗೆ ಮರಳುತ್ತದೆ. ಅಂಥ ಕಡೆ ಅಲೆ ಕಡಿಮೆ ಇರುವುದರಿಂದ ಈಜಬಾರದವರಿಗೆ ಅದೇ ಸುರಕ್ಷಿತವೆಂದು ತೋರುತ್ತದೆ. ಸೆಳೆತಕ್ಕೆ ಸಿಕ್ಕವರು ನೇರವಾಗಿ ದಡದತ್ತ ಹೋರಾಡದೆ, ದಡಕ್ಕೆ ಸಮಾನಾಂತರವಾಗಿ ಸರಿದು ಆಮೇಲೆ ಮರಳಬೇಕು. ಅಮಾವಾಸ್ಯೆ, ಹುಣ್ಣಿಮೆಗಳಂದು ಭರತ ಇಳಿತಗಳ ಅಂತರ ಹೆಚ್ಚು. ನಮ್ಮವರು ಸಮುದ್ರಸ್ನಾನಕ್ಕೆ ಹೋಗುವುದೂ ಅಮಾವಾಸ್ಯೆಯಂದೇ ಎಂಬುದು ನೆನಪಿರಲಿ. ಅಂದು ಮೊಣಕಾಲು ಮಟ್ಟದ ನೀರಿನಲ್ಲಿ ತಂಬಿಗೆಯಿಂದ ಸ್ನಾನ ಮಾಡಿದರೂ ಪುಣ್ಯಕ್ಕೆ ಕೊರತೆಯಾಗದು.

ಮಕ್ಕಳನ್ನು ನೀರಿಗಿಳಿಸುವ ಮೊದಲು ಜೀವರಕ್ಷಕರನ್ನು ಕೇಳಬೇಕು, ಕೆಂಪು ಬಾವುಟವಿದ್ದರೆ ಇಳಿಯಲೇಬಾರದು. ಪುಟ್ಟ ಮಕ್ಕಳ ಆಟವೇ ಮುಖ್ಯವಾಗಿದ್ದರೆ ಹೊನ್ನಾವರದ ಬಳಿಯ ಕಾಸರಕೋಡಿಗೂ ಒಂದು ದಿನ ಹೋಗಬಹುದು. 2020 ರಲ್ಲಿ ನೀಲಿ ಬಾವುಟದ ಅಂತಾರಾಷ್ಟ್ರೀಯ ಮನ್ನಣೆ ಪಡೆದ ಭಾರತದ ಎಂಟು ತೀರಗಳಲ್ಲಿ ಅದೂ ಒಂದು.

ಕೋಣೆ ಗೊತ್ತುಮಾಡುವ ಮೊದಲು ಕೇಳಬೇಕಾದವು

1. ವಾಹನ ಬಾಗಿಲವರೆಗೆ ಬರುತ್ತದೆಯೆ? ಇಲ್ಲವಾದರೆ ಎಷ್ಟು ಮೆಟ್ಟಿಲು? ಸಾಮಾನು ಹೊರಲು ಆಳು ಸಿಗುವರೆ?
2. ನೆಲಮಹಡಿಯಲ್ಲಿ ಕೋಣೆಯಿದೆಯೆ? ಪಾಶ್ಚಾತ್ಯ ಶೌಚಾಲಯವಿದೆಯೆ?
3. ವಿದ್ಯುತ್ ಹೋದರೆ ಜನರೇಟರ್ ಇದೆಯೆ? ದಿನವಿಡೀ ನೀರು ಬರುವುದೆ?
4. ಶುದ್ಧ ಸಸ್ಯಾಹಾರಿ ಊಟ ಅಲ್ಲಿಯೇ ದೊರೆಯುವುದೆ ಅಥವಾ ಪೇಟೆಗೆ ಹೋಗಬೇಕೆ?
5. ದೇವಸ್ಥಾನಕ್ಕೆ ಬೆಳಗಿನ ಜಾವ ವಾಹನ ಸಿಗುವುದೆ? ದರವೆಷ್ಟು?
6. ಪ್ರಯಾಣ ರದ್ದಾದರೆ ಮುಂಗಡ ಹಣ ಮರಳುವುದೆ?

ಉತ್ತರಗಳನ್ನು ಬರಹದಲ್ಲಿಯೇ ಪಡೆಯುವುದು ಒಳ್ಳೆಯದು. ಗರ್ಭಗುಡಿ ಪ್ರವೇಶದ ವೇಳೆ, ನಿಯಮಗಳನ್ನು ಅಲ್ಲಿಗೆ ಹೋದೊಡನೆ ವಿಚಾರಿಸಬೇಕು. ಪುರುಷರು ಪಂಚೆಯನ್ನು ಜೊತೆಗೊಯ್ಯುವುದನ್ನು ಮರೆಯಬಾರದು.

ಒಟ್ಟಿನಲ್ಲಿ ಹೇಳುವುದಾದರೆ, ಕ್ಷೇತ್ರಕಾರ್ಯವಿದ್ದರೆ ರಥಬೀದಿಯ ಪರಿಸರ, ಮೂರು ತಲೆಮಾರಿನವರು ಕೂಡಿ ಹೋದರೆ ಊರಿನ ತೀರದ ಉತ್ತರ ಭಾಗ, ಯುವಕರಷ್ಟೇ ಆದರೆ ಕುಡ್ಲೆ, ವಿಶ್ರಾಂತಿಗೆ ಓಂ ತೀರದ ಮೇಲ್ಭಾಗ, ಹಬ್ಬದ ದಟ್ಟಣೆಯಲ್ಲಿ ಕುಮಟಾ ಅಥವಾ ಅಂಕೋಲಾ. ಈ ಬಾರಿಯ ರಜೆಗೆ ಗೋಕರ್ಣವನ್ನು ಯೋಚಿಸುತ್ತಿರುವ ಓದುಗರು ಮೊದಲು ಮನೆಯ ಹಿರಿಯರನ್ನು ಒಂದು ಮಾತು ಕೇಳಿ, ಆಮೇಲೆ ಕೋಣೆಯನ್ನು ಹುಡುಕಲಿ. ಎಲ್ಲರ ಪ್ರಯಾಣವೂ ಸುಖಕರವಾಗಲಿ.