ದಂಡ ಕಟ್ಟಿದ ಮೇಲೆ ಹುಡುಗ ಎಲ್ಲಿಗೆ ಹೋದ?

ಕಡಬ, ಪುತ್ತೂರು, ಸುಳ್ಯ ಕಡೆಯ ಪತ್ರಿಕೆ ಓದುವವರಿಗೆ ಈ ಸುದ್ದಿಯ ಧಾಟಿ ಬಾಯಿಪಾಠ. ಬಸ್ ತಂಗುದಾಣದ ಬಳಿ ಅಮಲಿನಲ್ಲಿದ್ದ ಯುವಕ, ಆಸ್ಪತ್ರೆಯಲ್ಲಿ ತಪಾಸಣೆ, ಗಾಂಜಾ ಸೇವನೆ ದೃಢ, ಪ್ರಕರಣ ದಾಖಲು. ಸುದ್ದಿ ಅಲ್ಲಿಗೆ ಮುಗಿಯುತ್ತದೆ. ತಪಾಸಣೆಗೆಂದು ಆಸ್ಪತ್ರೆ ಮೆಟ್ಟಿಲು ಹತ್ತಿದವನು ಚಿಕಿತ್ಸೆಗೆಂದು ಮತ್ತೆ ಹತ್ತಿದನೇ ಎಂದು ವಿಚಾರಿಸುವವರು ಕಡಿಮೆ.

ಚಿಕಿತ್ಸೆಯ ಆ ದಾರಿ ಕಾನೂನಿನಲ್ಲೇ ಇದೆ, ಅದೂ ಮೊದಲ ದಿನದಿಂದ. 1985ರ ನವೆಂಬರ್ 14ರಂದು ಜಾರಿಗೆ ಬಂದ, ಮಾದಕ ವಸ್ತುಗಳ ಕುರಿತಾದ ಎನ್‌ಡಿಪಿಎಸ್ ಕಾಯ್ದೆ ಬ್ರಿಟಿಷರ ಕಾಲದ ಅಫೀಮು ಕಾಯ್ದೆಗಳನ್ನೂ 1930ರ ಡೇಂಜರಸ್ ಡ್ರಗ್ಸ್ ಕಾಯ್ದೆಯನ್ನೂ ರದ್ದುಮಾಡಿ ಶಿಕ್ಷೆಯನ್ನು ಬಿಗಿಗೊಳಿಸಿತು. ಆದರೆ ಅದರ 39ನೇ ಕಲಮು ಬೇರೆಯೇ ಮಾತಾಡುತ್ತದೆ. ಸೇವನೆಗಾಗಿ ಇಲ್ಲವೇ ಅಲ್ಪ ಪ್ರಮಾಣದ ವಸ್ತುವಿಗಾಗಿ ತಪ್ಪಿತಸ್ಥನಾದ ವ್ಯಸನಿಯನ್ನು ಅವನ ಒಪ್ಪಿಗೆ ಪಡೆದು, ಮುಚ್ಚಳಿಕೆ ಬರೆಸಿಕೊಂಡು, ನ್ಯಾಯಾಲಯವು ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರಕ್ಕೆ ಚಿಕಿತ್ಸೆಗೆ ಬಿಡಬಹುದು. ವರ್ಷದೊಳಗೆ ಅವನು ವೈದ್ಯರ ವರದಿಯೊಡನೆ ಹಾಜರಾಗಬೇಕು.

1989ರ ತಿದ್ದುಪಡಿ ಇನ್ನೂ ಮುಂದೆ ಹೋಗಿ 64ಎ ಕಲಮನ್ನು ಸೇರಿಸಿತು. ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಮೊಕದ್ದಮೆಯಿಂದಲೇ ವಿನಾಯಿತಿ. ಚಿಕಿತ್ಸೆಯನ್ನು ನಡುವೆ ಕೈಬಿಟ್ಟರೆ ವಿನಾಯಿತಿಯೂ ಹೋಯಿತು. 2001ರ ತಿದ್ದುಪಡಿ ಪ್ರಮಾಣಕ್ಕೆ ತಕ್ಕಂತೆ ಶಿಕ್ಷೆಯನ್ನು ಶ್ರೇಣೀಕರಿಸಿತು. ಗಾಂಜಾಕ್ಕೆ ಒಂದು ಕಿಲೋವರೆಗೆ ಅಲ್ಪ ಪ್ರಮಾಣ, ಎಂಡಿಎಂಎಗೆ ಅರ್ಧ ಗ್ರಾಂ.

ಈ ಕಲಮುಗಳು ಎಷ್ಟು ನಿಧಾನ ಎನ್ನುವುದಕ್ಕೆ ನಟ ಫರ್ದೀನ್ ಖಾನ್ ಪ್ರಕರಣ ನೋಡಿ. ಬಂಧನ 2001ರಲ್ಲಿ, ಚಿಕಿತ್ಸೆ ಪಡೆದ ಆಧಾರದ ಮೇಲೆ ಮುಂಬೈ ನ್ಯಾಯಾಲಯ ವಿನಾಯಿತಿ ಕೊಟ್ಟದ್ದು 2012ರಲ್ಲಿ. ದೊಡ್ಡ ವಕೀಲರನ್ನು ಇಟ್ಟುಕೊಳ್ಳಬಲ್ಲವರಿಗೇ ಹೀಗಾದರೆ, ಅಡಿಕೆ ತೋಟದಲ್ಲಿ ದಿನಗೂಲಿ ಮಾಡುವ ಮನೆಯ ಹುಡುಗ ದಂಡ ಕಟ್ಟಿ ಕೈತೊಳೆದುಕೊಳ್ಳುವುದರಲ್ಲಿ ಆಶ್ಚರ್ಯವೇನು? ಗಾಂಜಾ ಸೇವನೆಗೆ ಇರುವ ಶಿಕ್ಷೆ ಆರು ತಿಂಗಳವರೆಗಿನ ಸಜೆ, ಇಲ್ಲವೇ 10,000 ರೂಪಾಯಿವರೆಗಿನ ದಂಡ, ಅಥವಾ ಎರಡೂ.

ಜೈಲಿನೊಳಗಿನ ಕಥೆಯನ್ನು ನಿಮ್ಹಾನ್ಸ್ ಬಿಚ್ಚಿಟ್ಟಿತು. ಬೆಂಗಳೂರು ಕೇಂದ್ರ ಕಾರಾಗೃಹದ ಐದು ಸಾವಿರಕ್ಕೂ ಹೆಚ್ಚು ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸುಮಾರು ಶೇಕಡಾ 80 ಮಂದಿಗೆ ಮಾನಸಿಕ ಕಾಯಿಲೆ ಅಥವಾ ಮಾದಕ ವ್ಯಸನದ ತೊಂದರೆಯಿತ್ತು. ವ್ಯಸನವನ್ನು ಬಿಟ್ಟು ಲೆಕ್ಕ ಹಾಕಿದರೆ ಆ ಪ್ರಮಾಣ ಶೇಕಡಾ 28ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಹೊರೆಯ ಬಹುಪಾಲು ವ್ಯಸನದ್ದೇ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಗೆ ಸೇರಿಸಿತು.

ಹೊರದೇಶಗಳವರು ಬೇರೆ ಬೇರೆ ದಾರಿ ಹಿಡಿದರು. ಅಮೆರಿಕದ ಮಯಾಮಿಯಲ್ಲಿ 1989ರಲ್ಲೇ ಮಾದಕ ವ್ಯಸನಿಗಳಿಗಾಗಿ ಪ್ರತ್ಯೇಕ ನ್ಯಾಯಾಲಯ ಶುರುವಾಯಿತು. ಪೋರ್ಚುಗಲ್ 2001ರಲ್ಲಿ ಸ್ವಂತ ಬಳಕೆಯನ್ನು ಅಪರಾಧದ ಪಟ್ಟಿಯಿಂದಲೇ ತೆಗೆಯಿತು.

ನಮ್ಮ ಭಾಗದಲ್ಲಿ ಬೆಳೆದದ್ದು ಸಮುದಾಯದ ದಾರಿ. ಪಕ್ಕದ ಬೆಳ್ತಂಗಡಿಯ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳನ್ನು ನೋಡದ ಊರು ಇಲ್ಲಿ ಅಪರೂಪ. ಕುಡಿತ ಬಿಟ್ಟವರನ್ನು ಶಿಬಿರ ಮುಗಿದ ಮೇಲೂ ಒಟ್ಟಿಗೆ ಹಿಡಿದಿಡುವುದು ಅದರ ನಿಜವಾದ ಬಲ ಎಂದು ನನ್ನ ಎಣಿಕೆ. ಆದರೆ ಅದು ಮುಖ್ಯವಾಗಿ ಮನೆಮಂದಿ ಕರೆತಂದ ಕುಡುಕರಿಗಾಗಿ ಕಟ್ಟಿದ್ದು, ಪೊಲೀಸರು ಹಿಡಿದ ಗಾಂಜಾ ಹುಡುಗನಿಗಾಗಿ ಅಲ್ಲ. ಒಮ್ಮೆ ಸೇದಿದವರೆಲ್ಲ ವ್ಯಸನಿಗಳೂ ಅಲ್ಲ. ಅದನ್ನು ಹೇಳಬೇಕಾದವರು ವೈದ್ಯರು, ಠಾಣೆಯಲ್ಲ.

ಕೊರತೆ ಇರುವುದು ಠಾಣೆ, ನ್ಯಾಯಾಲಯ, ಆಸ್ಪತ್ರೆಗಳ ನಡುವೆ ಓಡಾಡುವ ಒಬ್ಬ ಮನುಷ್ಯನದ್ದು. ಮಾದಕ ವ್ಯಸನಕ್ಕೆ ತುತ್ತಾದವರಿಗಾಗಿಯೇ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2015ರಲ್ಲಿ ಯೋಜನೆಯೊಂದನ್ನು ರೂಪಿಸಿದೆ. ಅರೆಕಾಲಿಕ ಕಾನೂನು ಸ್ವಯಂಸೇವಕರೂ ಅದರ ಭಾಗ. ಆದ್ದರಿಂದ ಈ ತಾಲೂಕುಗಳ ವಕೀಲರಲ್ಲಿ ಒಂದು ವಿನಂತಿ: ಇಂಥ ಹುಡುಗನ ವಕಾಲತ್ತು ಕೈಗೆ ಬಂದಾಗ ದಂಡ ಕಟ್ಟಿಸಿ ಕಳಿಸುವ ಮೊದಲು, ಅವನು ಒಪ್ಪಿದರೆ, 39 ಅಥವಾ 64ಎ ಅಡಿ ಒಂದು ಅರ್ಜಿ ಹಾಕಿ. ತಂದೆತಾಯಿಯರು ಪ್ರಕರಣ ದಾಖಲಾಗುವವರೆಗೆ ಕಾಯಬೇಕಿಲ್ಲ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446.