ಪ್ರಲಾಪಕ್ಕೆ ದೊರೆತ ಸ್ಥಳ: ಬ್ರಿಸ್ಬೇನ್, 1993

1993ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದ ಕ್ವೀನ್ಸ್‌ಲ್ಯಾಂಡ್ ಆರ್ಟ್ ಗ್ಯಾಲರಿಯು ಏಷ್ಯಾ-ಪೆಸಿಫಿಕ್ ಸಮಕಾಲೀನ ಕಲೆಯ ಮೊದಲನೆಯ ತ್ರೈವಾರ್ಷಿಕ ಪ್ರದರ್ಶನವನ್ನು ಏರ್ಪಡಿಸಿತು. ಪಾಶ್ಚಾತ್ಯ ಸಂಗ್ರಹಾಲಯಗಳಲ್ಲಿ ಏಷ್ಯದ ಕಲೆಯೆಂದರೆ ಅಂದಿನವರೆಗೆ ಬಹುಮಟ್ಟಿಗೆ ಪುರಾತನ ವಿಗ್ರಹ, ಪಿಂಗಾಣಿ, ರೇಷ್ಮೆಯ ಸುರುಳಿ. ಬದುಕಿರುವ ಏಷ್ಯದವರ ನೋವಿಗೆ ಅಲ್ಲಿ ಎಡೆಯಿದ್ದುದು ಅತ್ಯಲ್ಪ. ಆ ಪ್ರದರ್ಶನದ ಒಂದು ಕೃತಿಯಲ್ಲಿ ಸಭೆಯ ಇತಿಹಾಸವನ್ನು ಅಭ್ಯಸಿಸುವವರಿಗೂ ಒಂದು ಪ್ರಶ್ನೆಯಿದೆ.

ಕೃತಿಕಾರ ಇಂಡೊನೇಷ್ಯದ ದದಂಗ್ ಕ್ರಿಸ್ತಾಂತೊ. ಹೆಸರನ್ನು ಕಂಡು ಮತವನ್ನು ನಿರ್ಣಯಿಸುವ ಆತುರ ನಮಗೆ ಬೇಡ. 1957ರಲ್ಲಿ ಮಧ್ಯ ಜಾವಾದಲ್ಲಿ ಹುಟ್ಟಿದ ಈತನಿಗೆ ಎಂಟು ವರ್ಷವಾಗಿದ್ದಾಗ, 1965ರಲ್ಲಿ, ತಂದೆಯನ್ನು ಹಿಡಿದೊಯ್ದರು. ತಂದೆ ಮರಳಲಿಲ್ಲ. ಕಮ್ಯುನಿಸ್ಟರೆಂಬ ಆರೋಪದ ಮೇಲೆ ಆ ಒಂದೆರಡು ವರ್ಷಗಳಲ್ಲಿ ಕೊಲ್ಲಲ್ಪಟ್ಟವರು ಸುಮಾರು 5 ಲಕ್ಷವೆಂದೂ, ಅದಕ್ಕಿಂತ ಹೆಚ್ಚೆಂದೂ ಅಂದಾಜುಗಳಿವೆ. ಸುಹಾರ್ತೊ ಆಳ್ವಿಕೆಯಲ್ಲಿ ಹತರಾದವರಿಗಾಗಿ ಬಹಿರಂಗವಾಗಿ ಅಳುವುದೂ ಅಪಾಯಕರವಾಗಿತ್ತು. ಅವರ ಮಕ್ಕಳಿಗೆ ಸರ್ಕಾರಿ ಉದ್ಯೋಗದ ಬಾಗಿಲು ಮುಚ್ಚಿತ್ತು.

ಅದೇ ಕಾಲದಲ್ಲಿ, ಮಾನ್ಯತೆ ಪಡೆದ ಧರ್ಮವೊಂದಕ್ಕೆ ಸೇರಿರಲೇಬೇಕೆಂಬ ಒತ್ತಡಕ್ಕೆ ಸಿಕ್ಕಿ ಜಾವಾದಲ್ಲಿ ಅಸಂಖ್ಯ ಜನರು ದೀಕ್ಷಾಸ್ನಾನ ಪಡೆದರು. ಅವರಲ್ಲಿ ಹತರ ಬಂಧುಗಳೂ ಇದ್ದರು. ಸಭಾಚರಿತ್ರೆಗಳು ಇದನ್ನು ಬಹುಧಾ ಬೆಳವಣಿಗೆಯೆಂದೇ ಎಣಿಸಿವೆ. ಆ ಎಣಿಕೆ ಸುಳ್ಳಲ್ಲ, ಆದರೆ ಸಾಲದು. ದೀಕ್ಷಾತೊಟ್ಟಿಗೆ ಬಂದವರು ಯಾರಿಗಾಗಿ ಅಳಲಾರದೆ ಬಂದರೆಂಬುದನ್ನು ಯಾವ ದಾಖಲೆಯ ಅಂಕಣವೂ ಕೇಳುವುದಿಲ್ಲ.

ಕ್ರಿಸ್ತಾಂತೊ ಬ್ರಿಸ್ಬೇನಿನಲ್ಲಿ ನಿಲ್ಲಿಸಿದ್ದು ಬಿದಿರು ಮತ್ತು ಲೋಹದ ಪ್ರತಿಷ್ಠಾಪನಾ ಕೃತಿ. ಅದರ ಶೀರ್ಷಿಕೆಯೇ ಒಂದು ದೀರ್ಘ ವಿಜ್ಞಾಪನೆ: ಬಡವರಿಗಾಗಿ, ದಮನಿತರಿಗಾಗಿ, ದನಿಯಿಲ್ಲದವರಿಗಾಗಿ, ಹೊರೆಹೊತ್ತವರಿಗಾಗಿ, ಹಿಂಸೆಗೆ ಬಲಿಯಾದವರಿಗಾಗಿ ಎಂದು ಅದು ಸಾಗುತ್ತದೆ. ಮತ್ತಾಯನ ಸುವಾರ್ತೆಯ ಐದನೆಯ ಮತ್ತು ಹನ್ನೊಂದನೆಯ ಅಧ್ಯಾಯಗಳನ್ನು ಬಲ್ಲ ಕಿವಿಗೆ ಈ ಪಟ್ಟಿ ಅಪರಿಚಿತವಲ್ಲ. ಪ್ರದರ್ಶನ ನಡೆಯುತ್ತಿದ್ದಂತೆ ನೋಡಬಂದವರು ಕೃತಿಯ ಬಳಿ ಹೂಗಳನ್ನೂ ಕವಿತೆಗಳನ್ನೂ ಚೀಟಿಗಳನ್ನೂ ಇಡತೊಡಗಿದರು. ನಮ್ಮ ಶವಸಂಸ್ಕಾರ ಕ್ರಮವು ಶವವೊಂದು ಎದುರಿಗಿದೆಯೆಂದೇ ಭಾವಿಸುತ್ತದೆ. ಶವವೇ ದೊರೆಯದವನ ಮಗ ಎಲ್ಲಿಗೆ ಹೋಗಬೇಕು? ಯೆರೂಸಲೇಮಿನ ಪಾಳಿನ ನಡುವೆ ಹುಟ್ಟಿದ ಪ್ರಲಾಪಗಳ ಗ್ರಂಥ ನಮ್ಮ ಕೈಯಲ್ಲೇ ಇದೆ. ಆದರೂ ಅದು ಆರಾಧನೆಯಲ್ಲಿ ಕೇಳಿಬರುವುದು ವಿರಳ. ಗ್ಯಾಲರಿಯು ದೇವಾಲಯವಾಯಿತೆಂದು ನಾನು ಹೇಳಲಾರೆ. ದೇವಾಲಯದಲ್ಲಿ ನಡೆಯಬೇಕಾದದ್ದು ಅಲ್ಲಿ ನಡೆಯಿತೆಂದು ಮಾತ್ರ ಹೇಳಬಲ್ಲೆ.

ಆರು ವರ್ಷಗಳ ಅನಂತರ, 1999ರ ಮೂರನೆಯ ಪ್ರದರ್ಶನಕ್ಕೆ ಕ್ರಿಸ್ತಾಂತೊ ಮತ್ತೆ ಬಂದ. ಸುಹಾರ್ತೊ ಅಷ್ಟರಲ್ಲಿ ಅಧಿಕಾರದಿಂದ ಇಳಿದಿದ್ದ. ಇಳಿದ ತಿಂಗಳಾದ 1998ರ ಮೇಯಲ್ಲೇ ಜಕಾರ್ತದಲ್ಲಿ ಚೀನೀ ಮೂಲದವರ ಮನೆ ಅಂಗಡಿಗಳು ಉರಿದಿದ್ದವು. ಈ ಬಾರಿ ಆತ ಕಾಗದದ ಮುದ್ದೆಯಿಂದ ಮಾಡಿದ 47 ಮಾನವಾಕೃತಿಗಳನ್ನು ಸಾಲಾಗಿ ನಿಲ್ಲಿಸಿ, ನೆರೆದವರ ಎದುರಿನಲ್ಲಿ ಬೆಂಕಿಯಿಟ್ಟ.