ಕೆರೆ ಬತ್ತಿದ ಊರಲ್ಲಿ ಒಂಟಿ ಮುಪ್ಪು

ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬೀಳುವ ಕೋಲಾರದ ನೆಲವನ್ನು ಭೂಗೋಳದ ಪುಸ್ತಕಗಳು ಮರುಭೂಮಿ ಎನ್ನುವುದಿಲ್ಲ. ಆದರೆ ಇಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಪಾಲಾರ್ ನದಿ ಬಹುಪಾಲು ಕಾಲ ಬರೀ ಮರಳು. ಕುಡಿಯುವ ನೀರಿಗೆ ಸಾವಿರ ಅಡಿ ದಾಟಿ ಕೊರೆಯುವುದು ಮುಳಬಾಗಿಲು, ಶ್ರೀನಿವಾಸಪುರದ ಕಡೆ ಯಾರಿಗೂ ಹೊಸ ಸುದ್ದಿಯಲ್ಲ. ಇಂಥ ಊರುಗಳಲ್ಲಿ ಕಂಪನಿ ಬಸ್ಸು, ಶಾಲೆಯ ವ್ಯಾನು, ಕೂಲಿಯವರ ಆಟೋ ಎಲ್ಲ ಹೋದ ಮೇಲೆ ಉಳಿಯುವವರು ವಯಸ್ಸಾದವರು, ಅದರಲ್ಲೂ ಗಂಡ ತೀರಿಹೋಗಿ ಒಬ್ಬರೇ ಒಲೆ ಹಚ್ಚಿಕೊಳ್ಳುವ ಅಜ್ಜಿಯರು. ಕಾರಣ ಕೇಳಿದರೆ ಎಲ್ಲರೂ ಕೊಡುವ ಉತ್ತರ ಒಂದೇ: ಮಕ್ಕಳು ಬೆಂಗಳೂರು ಸೇರಿಕೊಂಡರು. ಅದು ಸುಳ್ಳಲ್ಲ, ಆದರೆ ಸಾಲದು. ಊರಿನ ನೀರು ಎಲ್ಲರದಾಗಿದ್ದಾಗ ಮುದುಕರಿಗೂ ಊರಿನಲ್ಲೊಂದು ಕೆಲಸವಿತ್ತು. ನೀರು ಒಬ್ಬೊಬ್ಬರ ಕೊಳವೆಬಾವಿಗೆ ಇಳಿದ ಮೇಲೆ ಆ ಕೆಲಸ ಹೋಯಿತು, ಅದರ ಜೊತೆಗೆ ನಾಲ್ಕು ಜನರ ಕಣ್ಣಿಗೆ ದಿನವೂ ಬೀಳುವ ಅವಕಾಶವೂ ಹೋಯಿತು. ಇಲ್ಲಿನ ಒಂಟಿ ಮುಪ್ಪಿನ ಬೇರು ಮಕ್ಕಳ ಮನಸ್ಸಿಗಿಂತ ಹೆಚ್ಚಾಗಿ ಕೆರೆಯಲ್ಲಿದೆ ಎಂಬುದು ನನ್ನ ವಾದ.

ವಲಸೆಯೇ ಕಾರಣವಾಗಿದ್ದರೆ ಈ ಒಂಟಿತನ ನೂರು ವರ್ಷಗಳ ಹಿಂದೆಯೇ ಶುರುವಾಗಬೇಕಿತ್ತು. ಮಾಲೂರು, ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರೂ ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿಯವರೂ ಕೊನೆಗೆ ನೆಲೆಸಿದ್ದು ಬೆಂಗಳೂರಿನಲ್ಲೇ. ಓದಿದವರು ಊರು ಬಿಡುವುದು ಈ ಸೀಮೆಯ ಹಳೆಯ ರೂಢಿ. ಅಲ್ಲದೆ ಇಂದು ಊರು ಬಿಟ್ಟವರೆಲ್ಲ ದೂರವನ್ನೂ ಸೇರಿಲ್ಲ. ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಿಗೆ ಹೋಗುವವರು ಶಿಫ್ಟು ಮುಗಿಸಿ ರಾತ್ರಿ ಮನೆಗೇ ಬರುತ್ತಾರೆ. ಮಗ ಅದೇ ಊರಿನಲ್ಲಿ, ಅದೇ ಬೀದಿಯಲ್ಲಿ ಇದ್ದೂ ತಾಯಿ ಬೆಳಗಿನ ಜಾವದಿಂದ ರಾತ್ರಿಯವರೆಗೆ ಒಬ್ಬಳೇ ಇರುವ ಮನೆಗಳಿವೆ. ಜನಗಣತಿಯ ಲೆಕ್ಕದಲ್ಲಿ ಅವಳು ಒಂಟಿಯಲ್ಲ. ಹಗಲಿನ ಲೆಕ್ಕದಲ್ಲಿ ಒಂಟಿ. ಮಕ್ಕಳು ಹತ್ತಿರವಿದ್ದರೂ ತುಂಬದ ಈ ಹಗಲನ್ನು ಹಿಂದೆ ತುಂಬುತ್ತಿದ್ದುದು ಏನು ಎಂದು ಕೇಳಬೇಕು.

ಈಗಿನ ಜಿಲ್ಲೆಯಲ್ಲೇ ಎರಡು ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ನದಿಯಿಲ್ಲದ ನಾಡು ಮಳೆಯನ್ನು ಹಿಡಿದಿಟ್ಟುಕೊಳ್ಳಲು ಮಾಡಿಕೊಂಡ ಏರ್ಪಾಡು ಅದು: ಒಂದು ಕೆರೆಯ ಕೋಡಿ ಹರಿದರೆ ಕೆಳಗಿನ ಊರಿನ ಕೆರೆಗೆ ನೀರು. ಮೈಸೂರು ಸೀಮೆಯ ಹಲವು ಹೊಳೆಹಳ್ಳಗಳ ಮೇಲೆ ಹೊಸ ಕಟ್ಟೆ ಕಟ್ಟಲು ಮದ್ರಾಸಿನ ಒಪ್ಪಿಗೆ ಬೇಕೆಂದು 1892ರ ಒಪ್ಪಂದ ಕಟ್ಟು ಹಾಕಿತು. ಪಾಲಾರ್, ಪೆನ್ನಾರ್‌ಗಳೂ ಅದರಲ್ಲಿ ಸೇರಿದ್ದರಿಂದ ಇದ್ದ ಕೆರೆಯನ್ನು ಜೋಪಾನ ಮಾಡುವುದು ಇನ್ನಷ್ಟು ಅಗತ್ಯವಾಯಿತು. ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚಲು ನೀರುಗಂಟಿ ಇದ್ದ. ಕೆರೆ ತುಂಬಿದ ವರ್ಷ ಅಚ್ಚುಕಟ್ಟಿನಲ್ಲಿ ಭತ್ತ, ಹೊಲದಲ್ಲಿ ರಾಗಿ, ಅವರೆ, ಹುರುಳಿ. ಈ ಬೇಸಾಯದಲ್ಲಿ ಬಲವಿಲ್ಲದ ಕೈಗೂ ಪಾಲಿತ್ತು. ತೆನೆಗೆ ಬರುವ ಹಕ್ಕಿ ಓಡಿಸುವುದು, ಕಣ ಕಾಯುವುದು, ಕೆರೆಯಂಗಳದಲ್ಲಿ ಕರು ಮೇಯಿಸುವುದು, ಬಿತ್ತನೆಯ ಅವರೆಕಾಳು ಆರಿಸಿ ಬೂದಿ ಬೆರೆಸಿ ಎತ್ತಿಡುವುದು, ರೇಷ್ಮೆ ಹುಳುವಿನ ತಟ್ಟೆಗೆ ರಾತ್ರಿ ಸೊಪ್ಪು ಹಾಕುವುದು, ಎಲ್ಲಕ್ಕೂ ಬೇಕಾಗಿದ್ದುದು ನಿಧಾನ ಮತ್ತು ಗಮನ. ಎಪ್ಪತ್ತು ದಾಟಿದವರಲ್ಲಿ ಇರುವುದೂ ಅವೇ. ಅವರನ್ನು ಯಾರೂ ವಿಚಾರಿಸಿಕೊಳ್ಳಲು ಬರಬೇಕಾಗಿರಲಿಲ್ಲ. ಕೆಲಸದ ಜಾಗದಲ್ಲಿ ಕಾಣದಿದ್ದರೆ ಆ ಹೊತ್ತಿಗೇ ಗೊತ್ತಾಗುತ್ತಿತ್ತು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ತಳ್ಳಿಹಾಕುವ ಹಾಗಿಲ್ಲ. ಆ ಕೆರೆಯ ಬದುಕು ಸಮಾನರ ಬದುಕಾಗಿರಲಿಲ್ಲ. ನೀರುಗಂಟಿಯ ಕೆಲಸ ಬಹುತೇಕ ಊರುಗಳಲ್ಲಿ ದಲಿತ ಕುಟುಂಬಗಳ ಪಾಲಿನದು. ಊರಿಗೆಲ್ಲ ನೀರು ಹಂಚಿದವನು ಊರಿನ ಬಾವಿ ಮುಟ್ಟುವಂತಿರಲಿಲ್ಲ. 2011ರ ಜನಗಣತಿಯ ಪ್ರಕಾರ ಕೋಲಾರದ ಜನರಲ್ಲಿ ನೂರಕ್ಕೆ 30 ಮಂದಿ ಪರಿಶಿಷ್ಟ ಜಾತಿಯವರು, ರಾಜ್ಯದ ಜಿಲ್ಲೆಗಳಲ್ಲೇ ಇದು ಅತಿ ಹೆಚ್ಚು. ಅಷ್ಟು ಜನರ ಹಿರಿಯರಿಗೆ ಹಳೆಯ ಊರು ಕೊಟ್ಟ ಕೆಲಸದಲ್ಲಿ ಮಾನ ಕಡಿಮೆ, ದಣಿವು ಹೆಚ್ಚು. ಗಂಡ ಸತ್ತ ಹೆಂಗಸಿಗೆ ಅಂದು ಪಿಂಚಣಿ ಇರಲಿಲ್ಲ, ಸೊಸೆಯ ಎದುರು ದನಿಯೂ ಇರಲಿಲ್ಲ. ಆ ಕಾಲ ಮರಳಿ ಬರಲಿ ಎಂದು ನಾನು ಹೇಳುತ್ತಿಲ್ಲ. ಆದರೆ ಊರು ಕಳೆದುಕೊಂಡದ್ದು ಜಾತಿಯ ಕಟ್ಟನ್ನಲ್ಲ, ಒಟ್ಟಾಗಿ ಮಾಡುವ ಕೆಲಸವನ್ನು. ಕೆರೆ ಒಣಗಿದರೂ ಕೇರಿಗಳು ಬೇರೆಬೇರೆಯಾಗಿಯೇ ಉಳಿದವು. ಒಂಟಿತನದ ಭಾರ ಎರಡೆಕರೆಯೂ ಇಲ್ಲದ ಮನೆಯ ಹಿರಿಯರ ಮೇಲೇ ಹೆಚ್ಚು ಬಿತ್ತು.

ಕೊಳವೆಬಾವಿ ಬಂದ ಮೇಲೆ ನೀರು ಹಣವಿದ್ದವರ ಬೆನ್ನು ಹತ್ತಿತು. ಟೊಮ್ಯಾಟೊಗೆ ಹನಿ ನೀರಾವರಿ, ದಿನಗೂಲಿಯ ಆಳು, ರಾತ್ರಿಯೇ ಕೋಲಾರದ ಎಪಿಎಂಸಿಗೆ ಲೋಡು: ಈ ವೇಗಕ್ಕೆ ಮುದುಕರು ಹೊಂದುವುದಿಲ್ಲ. ಬೋರ್‌ವೆಲ್ ಹಾಕಿಸಲಾಗದವರ ಹೊಲಕ್ಕೆ ನೀಲಗಿರಿ ಬಂತು. 1980ರ ದಶಕದಿಂದ ಕೋಲಾರದ ರಾಗಿ ಹೊಲಗಳನ್ನು ನುಂಗಿದ ಈ ಮರ ಒಂದರ್ಥದಲ್ಲಿ ಊರಲ್ಲಿಲ್ಲದವರ ಬೆಳೆ. ನೆಟ್ಟು ಹೋದರೆ ಕಳೆ ಕೀಳಬೇಕಿಲ್ಲ, ಹಕ್ಕಿ ಓಡಿಸಬೇಕಿಲ್ಲ, ಕೆಲವು ವರ್ಷಗಳ ಮೇಲೆ ಕಡಿದು ಲಾರಿಗೆ ತುಂಬಿದರಾಯಿತು. ಒಂಟಿಯಾಗಿ ಉಳಿದ ಹಿರಿಯರು ಬೇರೆ ದಾರಿ ಕಾಣದೆ ಅದನ್ನೇ ನೆಟ್ಟರು, ನೆಟ್ಟ ಮೇಲೆ ಹೊಲಕ್ಕೆ ಹೋಗುವ ಕಾರಣವೂ ಇಲ್ಲವಾಯಿತು. ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸುವ ಹೊತ್ತಿಗೆ ಒಂದು ತಲೆಮಾರಿನ ಕೆಲಸ ಕಳೆದುಹೋಗಿತ್ತು.

ಈಗ ಒಂಟಿಯಾಗಿರುವವರ ದಿನ ಹೇಗೆ ಸಾಗುತ್ತದೆ ಎಂಬುದನ್ನು ಕುಡಿಯುವ ನೀರಿನಿಂದಲೇ ನೋಡಬಹುದು. ಕೊಳವೆಬಾವಿ ಆಳಕ್ಕೆ ಹೋದಷ್ಟೂ ಫ್ಲೋರೈಡ್‌ನ ಕಾಟ ಹೆಚ್ಚು. ಹಲ್ಲು ಕಂದಾಗುವುದು, ಮಂಡಿ ಬಗ್ಗದಿರುವುದು ಜಿಲ್ಲೆಗೆ ಹಳೆಯ ರೋಗ. ಅದಕ್ಕೇ ಊರೂರಿಗೆ ಶುದ್ಧ ನೀರಿನ ಘಟಕ ಬಂತು. ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನ್ ತುಂಬುತ್ತದೆ. ತುಂಬಿದ ಕ್ಯಾನ್ ಇಪ್ಪತ್ತು ಕಿಲೋ, ಬೈಕಿನ ಮುಂದೆ ಇಟ್ಟುಕೊಂಡು ಹೋಗುವ ಹುಡುಗರ ಅಳತೆ ಅದು. ಫ್ಲೋರೈಡ್‌ನಿಂದಲೇ ಮಂಡಿ ಸೋತ ಅಜ್ಜಿ ಆ ಕ್ಯಾನ್ ಎತ್ತಲಾರಳು. ಪುಟ್ಟ ಬಿಂದಿಗೆ ಹಿಡಿದು ಎರಡು ಸಲ ನಡೆಯಬೇಕು, ಇಲ್ಲವೇ ಯಾರನ್ನಾದರೂ ಬೇಡಿಕೊಳ್ಳಬೇಕು, ಅದೂ ಆಗದಿದ್ದರೆ ನಲ್ಲಿಯ ನೀರನ್ನೇ ಕುಡಿಯಬೇಕು. ರೋಗ ತಡೆಯಲು ಬಂದ ಏರ್ಪಾಡು ರೋಗ ಹತ್ತಿದವರನ್ನೇ ಹೊರಗಿಟ್ಟಿತು. ಪಡಿತರದ ಅಂಗಡಿಯಲ್ಲೂ ಹೀಗೆಯೇ: ಜೀವಮಾನವಿಡೀ ಮಣ್ಣು, ಹುಣಸೆಹಣ್ಣು ಮುಟ್ಟಿ ಸವೆದ ಹೆಬ್ಬೆರಳನ್ನು ಯಂತ್ರ ಗುರುತಿಸದೆ ವಾಪಸು ಕಳಿಸುತ್ತದೆ.

ಪಿಂಚಣಿ ಹೆಚ್ಚಿದೆಯಲ್ಲ ಎನ್ನುವವರಿದ್ದಾರೆ. ಹೌದು. 2007ರಲ್ಲಿ ತಿಂಗಳಿಗೆ 400 ರೂಪಾಯಿಯಿಂದ ಆರಂಭವಾದ ಸಂಧ್ಯಾ ಸುರಕ್ಷಾ 1,200ಕ್ಕೆ ಏರಿತು. 2023ರಿಂದ ಮನೆಯ ಯಜಮಾನಿಗೆ ಗೃಹಲಕ್ಷ್ಮಿಯ 2,000 ರೂಪಾಯಿ ಇದೆ. ಮಗನ ಕೈ ನೋಡದೆ ಮಾತ್ರೆ ಕೊಳ್ಳುವ ಧೈರ್ಯ ಈ ಹಣದಿಂದ ಬಂದಿದೆ, ಅದನ್ನು ಬಿಟ್ಟಿ ಭಾಗ್ಯ ಎನ್ನುವವರ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಆದರೆ ಮನಿಯಾರ್ಡರಿನ ಕಾಲದಲ್ಲಿ ಹಣದ ಜೊತೆ ಪೋಸ್ಟ್‌ಮ್ಯಾನ್ ಬರುತ್ತಿದ್ದ. ಈಗ ಖಾತೆಗೆ ಹಣ ಬರುತ್ತದೆ, ಮನುಷ್ಯ ಬರುವುದಿಲ್ಲ. ಕಾರಣ ನೀರೇ ಆದರೆ ನೀರು ಬಂದ ಮೇಲೆ ಎಲ್ಲ ಸರಿಹೋಗಬೇಕಲ್ಲ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧಿ ಮಾಡಿ ಇಲ್ಲಿನ ಲಕ್ಷ್ಮೀಸಾಗರ ಕೆರೆಗೆ ಬಿಟ್ಟರು. ದಶಕಗಳಿಂದ ಜಾಲಿ ಬೆಳೆದಿದ್ದ ಕೆರೆಗಳಲ್ಲಿ ನೀರು ನಿಂತಿತು, ಅಂತರ್ಜಲವೂ ಏರಿತು. ಆದರೆ ಅದು ಕೊಳವೆಬಾವಿಗೆ ಮರುಪೂರಣ ಮಾಡಲೆಂದು ಬಂದ ನೀರು. ತೂಬು ಎತ್ತುವುದಿಲ್ಲ, ನೀರುಗಂಟಿ ಬೇಕಿಲ್ಲ, ಕುಡಿಯುವಂತೆಯೂ ಇಲ್ಲ. ಲಾಭ ಮತ್ತೆ ಪಂಪು ಇದ್ದವರಿಗೆ. ಕೆರೆ ತುಂಬಿದರೂ ಕೆರೆಯ ಕೆಲಸ ಮರಳಲಿಲ್ಲ.

ಒಟ್ಟಾದ ಕೆಲಸ ಉಳಿದಿರುವ ಒಂದು ಜಾಗ ಮಾತ್ರ ಈ ಊರುಗಳಲ್ಲಿದೆ, ಅದು ಹಾಲಿನ ಡೇರಿ. ಬೆಳಗ್ಗೆ, ಸಂಜೆ ಎರಡು ಹೊತ್ತೂ ಕ್ಯಾನ್ ಹಿಡಿದು ಸರದಿ ನಿಲ್ಲಬೇಕು, ಹಾಲಿನ ಡಿಗ್ರಿ ನೋಡಿಸಬೇಕು, ಕಾರ್ಯದರ್ಶಿ ಲೀಟರು ಬರೆದುಕೊಳ್ಳಬೇಕು. ಒಂದೇ ಹಸು ಇಟ್ಟುಕೊಂಡ ಎಪ್ಪತ್ತೈದರ ಅಜ್ಜಿಯೂ ಮೂರು ಲೀಟರು ಹಾಕಿ ಬಟವಾಡೆಯ ದಿನ ತನ್ನ ಲೆಕ್ಕ ಕೇಳುತ್ತಾಳೆ. ಸಂಜೆಯ ಹಾಲಿಗೆ ಬರದಿದ್ದರೆ "ಯಾಕೆ, ಅಜ್ಜಿ ಬಂದಿಲ್ಲ?" ಎಂಬ ಮಾತು ಸರದಿಯಲ್ಲೇ ಹುಟ್ಟುತ್ತದೆ. ಬೆಂಗಳೂರಿನ ಎರಡನೇ ಮಹಡಿಯ ಮನೆಗೆ ಬಾ ಎಂದರೆ ಹಸುವಿನ ನೆಪ ಹೇಳುವವರನ್ನು ಮಕ್ಕಳು ಹಟಮಾರಿ ಎನ್ನುತ್ತಾರೆ. ಒಬ್ಬರೇ ಇರುವುದು ಅವರದೇ ಆಯ್ಕೆ, ಇದರಲ್ಲಿ ಮರುಗುವುದೇನಿದೆ ಎಂದು ಕೇಳುವವರೂ ಇದ್ದಾರೆ. ಆಯ್ಕೆ ಎಂಬುದನ್ನು ನಾನೂ ಗೌರವಿಸುತ್ತೇನೆ. ಆದರೆ ಅವರು ಆರಿಸಿಕೊಂಡದ್ದು ಒಂಟಿತನವನ್ನಲ್ಲ, ತಮ್ಮ ಹೆಸರು ಕರೆಯುವ ಊರನ್ನು.

ಕಷ್ಟ ಶುರುವಾಗುವುದು ಹುಲ್ಲು ಕುಯ್ಯಲಾಗದೆ ಹಸು ಮಾರಿದ ಮೇಲೆ. ಆಗ ಡೇರಿಯ ಪುಸ್ತಕದಿಂದಲೂ ಹೆಸರು ಹೋಗುತ್ತದೆ. 2024ರಲ್ಲಿ ಕೋಲಾರದಲ್ಲೇ ಮೊದಲಾದ ಗೃಹ ಆರೋಗ್ಯ ಯೋಜನೆಯಲ್ಲಿ ಬಿಪಿ, ಸಕ್ಕರೆ ನೋಡಲು ಆರೋಗ್ಯ ಸಿಬ್ಬಂದಿ ಮನೆಗೇ ಬರುತ್ತಾರೆ. ಒಳ್ಳೆಯ ಹೆಜ್ಜೆ, ಆದರೆ ಅದು ದಿನನಿತ್ಯದ ಭೇಟಿಯಲ್ಲ. ದಿನಕ್ಕೆ ಎರಡು ಸಲ ಊರಿನವರ ಹೆಸರು ಓದುವ ಡೇರಿ ಸಂಘವೇ ಹಾಲು ನಿಲ್ಲಿಸಿದ ಹಿರಿಯರ ಹೆಸರನ್ನೂ ಪಟ್ಟಿಯಲ್ಲಿ ಉಳಿಸಿಕೊಳ್ಳಬೇಕು. ಅರ್ಧ ಲೀಟರು ಕೊಳ್ಳಲು ಅವರು ಬಂದರೆ ಗುರುತು ಹಾಕಬೇಕು, ಎರಡು ಹೊತ್ತು ಬಾರದಿದ್ದರೆ ಒಬ್ಬರನ್ನು ಮನೆಗೆ ಕಳಿಸಬೇಕು. ಘಟಕದ ನೀರನ್ನು ಹತ್ತು ಲೀಟರಿನ ಕ್ಯಾನ್‌ನಲ್ಲಿ ಅವರ ಬಾಗಿಲಿಗೆ ತಲುಪಿಸುವ ಕೂಲಿಯನ್ನು ಗ್ರಾಮ ಪಂಚಾಯಿತಿ ಕೊಡಬೇಕು. ನೀರುಗಂಟಿಗೆ ಸುಗ್ಗಿಯಲ್ಲಿ ಧಾನ್ಯ ಅಳೆದುಕೊಟ್ಟು ಈ ಊರುಗಳು ನೀರಿನ ಕೆಲಸ ನಡೆಸಿದ್ದವು. ಈ ಕೂಲಿ ಅದಕ್ಕಿಂತ ದೊಡ್ಡ ಖರ್ಚೇನೂ ಅಲ್ಲ.